ಚಿತ್ರದ ಹಿಂದಿನ ಅಕ್ಷರ

ಕಿರ್ಗಿಜ್ ನಾಡಿನ ಕೋಮೂರ್‌ಸಾಯ್ ಎಂಬ ಊರಿಗೆಲ್ಲ ಬಿಸಿನೀರು ಕಾಯಿಸಿ, ಕೊಳವೆಗಳಲ್ಲಿ ಹರಿಸಿ ಮನೆಗಳನ್ನು ಬೆಚ್ಚಗಿಡುವ ಕಂಪನಿಯಲ್ಲಿ ಕಾಲಿಪಾ ಇಪ್ಪತ್ತೆರಡು ವರ್ಷದಿಂದ ಇದ್ದಾಳೆ. ಸೇರಿದ್ದು ಟೈಪಿಸ್ಟಾಗಿ. ಕಂಪನಿಗೊಂದು ವೆಬ್‌ಸೈಟ್ ಇರಲೇಬೇಕೆಂದು ರಾಜಧಾನಿಯಿಂದ ಆಜ್ಞೆ ಬಂದಾಗ, "ಟೈಪ್ ಬರುತ್ತಲ್ಲ, ಇದೂ ಬರುತ್ತೆ ಬಿಡಿ" ಎಂದು ಅವಳ ಕೊರಳಿಗೇ ಕಟ್ಟಿದರು. ರೊಟ್ಟಿ ಸುಡಲು ಬರುತ್ತದಲ್ಲ, ಇಟ್ಟಿಗೆಯನ್ನೂ ಸುಡು ಎಂದ ಹಾಗೆ.

ಆದರೆ ಕಾಲಿಪಾ ಕಲಿತಳು. ಪುಟ ಕಟ್ಟುವವರಿಗೆಂದು ಜಗತ್ತೇ ಒಪ್ಪಿಕೊಂಡ ನಿಯಮಗಳಿವೆ. ಕಟ್ಟುವವರಲ್ಲಿ ಹೆಚ್ಚಿನವರು ಅವನ್ನು ಓದುವುದಿಲ್ಲ. ಇವಳು ಮೂರು ಚಳಿಗಾಲ ಕೂತು ಸಾಲುಸಾಲಾಗಿ ಓದಿದಳು. ಪುಟ ಹಳೆಯ ಫೋನಿನಲ್ಲೂ ತೆರೆಯಬೇಕು. ತಲೆಬರಹ ಯಾವುದು, ಪಟ್ಟಿ ಯಾವುದು ಎಂದು ಯಂತ್ರಕ್ಕೂ ತಿಳಿಯಬೇಕು. ಚಿತ್ರ ಹಾಕಿದರೆ, ಅದರಲ್ಲಿ ಏನಿದೆಯೆಂದು ಚಿತ್ರದ ಹಿಂದೆ ಕಾಣದ ಹಾಗೆ ಬರೆದಿಡಬೇಕು. ಕಣ್ಣಿಲ್ಲದವರ ಫೋನು ಅದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಈ ಕೊನೆಯ ನಿಯಮವನ್ನು ಅವಳು ಒಂದು ದಿನವೂ ಮುರಿದವಳಲ್ಲ. ಅವಳ ಅಪ್ಪ ಅಶಿಂಬಾಯ್‌ಗೆ ಕಣ್ಣಿರಲಿಲ್ಲ. ಇದೇ ಕಂಪನಿಯ ಬಾಯ್ಲರ್ ಮನೆಯಲ್ಲಿ, ನಲವತ್ತೊಂಬತ್ತನೇ ವಯಸ್ಸಿನಲ್ಲಿ, ಉಗಿ ಆ ಕಣ್ಣುಗಳನ್ನು ತೆಗೆದುಕೊಂಡಿತ್ತು.

ದಿನಾ ಹತ್ತು ಗಂಟೆಗೆ ಹಾಲು ಹಾಕಿದ ಚಹಾ ಕುಡಿದು ಮುದುಕ ಫೋನನ್ನು ಕಿವಿಗೆ ಹಿಡಿಯುತ್ತಿದ್ದ. ರಷ್ಯನ್ ಗಂಟಲಿನಲ್ಲಿ ಕಿರ್ಗಿಜ್ ಮಾತನ್ನು ಒಡ್ಡೊಡ್ಡಾಗಿ ಓದುವ, ಫೋನಿನೊಳಗಿನ ಹೆಂಗಸಿನ ದನಿಯಿಂದ, ಈವತ್ತು ಯಾವ ಕಟ್ಟಡಕ್ಕೆ ಬಿಸಿಯಿಲ್ಲ, ಎಷ್ಟು ಹೊತ್ತು ಇಲ್ಲ ಎಂದು ತಿಳಿದುಕೊಂಡು, ತನ್ನ ಕಾಲದಲ್ಲಿ ಕಂಪನಿಯಲ್ಲಿದ್ದ ಹನ್ನೊಂದು ಮಂದಿಗೆ ಒಬ್ಬೊಬ್ಬರಿಗೂ ಫೋನು ಮಾಡುತ್ತಿದ್ದ. ಕೆಲಸ ಹೋದ ಇಪ್ಪತ್ತೈದು ವರ್ಷದ ಮೇಲೆ ಅವನಿಗೆ ಮತ್ತೆ ಕೆಲಸ ಸಿಕ್ಕಿತ್ತು. ಬಾಯ್ಲರ್ ಮನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದ ಜೂರಾ ಎಂಬ ವಿಧವೆಯಂತೂ ಅವನು ಹೇಳದೆ ಕೋಟು ಬಿಚ್ಚುತ್ತಿರಲಿಲ್ಲ.

"ಏನ್ ಬಾಯ್ಕೆ, ಈವತ್ತು ನಮಗೆ ಬಿಸಿ ಉಂಟೋ, ಇಲ್ಲ ನಿನ್ನ ಮಾತಿನಲ್ಲೇ ಮೈ ಕಾಯಿಸ್ಕೋಬೇಕೋ?" ಎನ್ನುತ್ತಿದ್ದಳು. ಬಾಯ್ಕೆ ಅಂದರೆ ಅಣ್ಣ.

"ನನ್ನ ಮಾತಿಗೆ ಬಿಸಿ ಇದ್ದಿದ್ರೆ ನೀನು ಸಾರಿಗೆ ಉಪ್ಪು ಸರಿಯಾಗಿ ಹಾಕ್ತಿದ್ದೆ ಕಣೇ!"

ಹೀಗೆ ನಡೆದಿತ್ತು, ಎರ್ಮೆಕ್ ಎಂಬ ಹೊಸ ನಿರ್ದೇಶಕ ಬರುವವರೆಗೆ. ಕಾಲಿಪಾಗಿಂತ ಹದಿನೈದು ವರ್ಷ ಚಿಕ್ಕವನು. ಕೆಟ್ಟವನಲ್ಲ, ಆದರೆ ಕುರ್ಚಿ ಹೊಸದು. ಅವಳನ್ನು ಎಜೆ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದ. "ಕಾಲಿಪಾ ಎಜೆ, ನಿಮ್ಮ ಸೈಟು ಆಸ್ಪತ್ರೆ ಗೋಡೆ ಇದ್ದಂಗಿದೆ. ಒಂಚೂರು ಮಿನುಗೋದು ಏನಾದ್ರೂ ಹಾಕ್ರಲ್ಲ!" ಎಂದ. ಅವಳು ನಕ್ಕು ತಳ್ಳಿಹಾಕಿದಳು. ಅಷ್ಟರಲ್ಲಿ ಒಬ್ಬ ದೂರು ತಂದ. ಕಟ್ಟಡದ ಬಾಗಿಲಿಗೆ ಅಂಟಿಸಿದ ಕಾಗದದಲ್ಲಿ ಬಿಸಿ ನಿಲ್ಲುವುದು ಹನ್ನೆರಡು ಗಂಟೆ, ವೆಬ್‌ಸೈಟಿನಲ್ಲಿ ಹತ್ತು ಗಂಟೆ. ನಿಜವಾಗಿ ಸರಿಯಿದ್ದದ್ದು ಹತ್ತೇ. ಆದರೆ ಬಾಗಿಲಿನ ಕಾಗದಕ್ಕೆ ನೀಲಿ ಮೊಹರು ಬಿದ್ದಿತ್ತು. ನಮ್ಮ ಕಚೇರಿಗಳಲ್ಲಿ ಮೊಹರು ಬಿದ್ದ ಸುಳ್ಳಿನ ಮುಂದೆ ಮೊಹರಿಲ್ಲದ ಸತ್ಯ ಕೈಕಟ್ಟಿ ನಿಲ್ಲಬೇಕು.

ಸೋಮವಾರದ ಸಭೆಯಲ್ಲಿ ಎಲ್ಲರೆದುರು ಎರ್ಮೆಕ್ ಹೇಳಿದ: "ಎಜೆ, ಇನ್ಮೇಲೆ ಮೊಹರು ಹಾಕಿದ ಕಾಗದದ ಚಿತ್ರ ತೆಗೆದು ಹಾಗೇ ಹಾಕಿ. ನಿಮ್ಮದು ಅಂತ ಒಂದಕ್ಷರ ಬೇಡ."

"ಚಿತ್ರಾನ ಕುರುಡ್ರು ಹೇಗಪ್ಪಾ ಓದ್ತಾರೆ?"

"ಈ ಊರಲ್ಲಿ ಕುರುಡ್ರು ಎಷ್ಟು ಜನ ಇದಾರೆ? ನಿಮ್ಮಪ್ಪ ಒಬ್ರು. ಮನೇಲಿ ನೀವೇ ಓದಿ ಹೇಳಿ." ಯಾರೋ ಕಿಸಕ್ಕನೆ ನಕ್ಕರು.

ಕಾಲಿಪಾಳ ಮುಖ ಕೆಂಡವಾಯಿತು. ಅಂದು ಮೊದಲ ಕಾಗದ ಬಂತು: ಗಣಿಗಾರರ ಬೀದಿ, ಏಳು ಮತ್ತು ಒಂಬತ್ತನೇ ಕಟ್ಟಡ, ಕೊಳವೆ ಬದಲಾವಣೆ, ಮಂಗಳವಾರ ಮಧ್ಯಾಹ್ನದಿಂದ ಎರಡು ದಿನ ಬಿಸಿಯಿಲ್ಲ. ಅವಳು ಚಿತ್ರ ತೆಗೆದು ಹಾಕಿದಳು. ಅದರ ಹಿಂದೆ ಆ ನಾಲ್ಕು ಮಾತು ಬರೆಯುವುದಕ್ಕೆ ಅರ್ಧ ನಿಮಿಷ ಸಾಕಿತ್ತು. ಬರೆದಿದ್ದರೆ ಎರ್ಮೆಕ್‌ಗೆ ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ. ಆದರೆ ಅವಳೊಳಗಿನ ಹಟ ಎದ್ದು ನಿಂತಿತು. ಒಂದಕ್ಷರ ಬೇಡವಲ್ಲ, ಇಗೋ, ಒಂದಕ್ಷರವೂ ಇಲ್ಲ. ದೂರು ಬರಲಿ, ಆಮೇಲೆ ನೋಡೋಣ ಎಂದುಕೊಂಡು ಹಿಂಬದಿಯನ್ನು ಖಾಲಿ ಬಿಟ್ಟಳು. ಆ ಸಿಟ್ಟಿನಲ್ಲಿ ಅಪ್ಪ ನೆನಪಾಗಲಿಲ್ಲ. ಮನೆಗೆ ಹೋದಾಗಲೂ ಅವಮಾನವನ್ನು ಮುಚ್ಚಿಟ್ಟು ಬೇಗ ಮಲಗಿದಳು. ಅವರ ಮನೆ ಬೇರೆ ಬೀದಿ, ಅಲ್ಲಿ ಬಿಸಿ ಎಂದಿನಂತೆ ಇತ್ತು.

ಜೂರಾ ಇದ್ದದ್ದು ಒಂಬತ್ತನೇ ಕಟ್ಟಡದಲ್ಲಿ. ಕೆಮ್ಮು ಹತ್ತಿ ಒಂದು ವಾರದಿಂದ ಮಗಳ ಮನೆಯಲ್ಲಿದ್ದವಳು ಮಂಗಳವಾರ ಬೆಳಗ್ಗೆ ಫೋನು ಮಾಡಿ, "ಬಾಯ್ಕೆ, ಅಳಿಯನ ಮುಖ ನೋಡಿ ಸಾಕಾಯ್ತು. ಮನೆಗೆ ಹೋಗ್ಲಾ?" ಎಂದು ಕೇಳಿದಳು. ಅಶಿಂಬಾಯ್ ಪುಟ ಕೇಳಿಸಿಕೊಂಡ. "ಏನೂ ಇಲ್ಲ, ಧಾರಾಳವಾಗಿ ಹೋಗು" ಎಂದ.

ಬಾಯ್ಕೆಯ ಮಾತಿದ್ದ ಮೇಲೆ ಜೂರಾ ಬಾಗಿಲಿನ ಕಾಗದದ ಕಡೆ ನೋಡಲೂ ಇಲ್ಲ. ಮಧ್ಯಾಹ್ನ ಬಿಸಿ ನಿಂತಿತು. ಹೊರಗೆ ಸೊನ್ನೆಗಿಂತ ಇಪ್ಪತ್ತೆಂಟು ಡಿಗ್ರಿ ಕೆಳಗೆ. ಮಗಳು ಫೋನು ಮಾಡಿದಾಗಲೆಲ್ಲ ಮುದುಕಿ, "ಬೆಚ್ಚಗಿದೀನಿ, ಸುಮ್ನಿರೇ" ಎಂದಳು. ಸಿಡುಕಿಕೊಂಡು ಬಿಟ್ಟುಬಂದ ಮನೆಗೆ ಮರುದಿನವೇ ತಿರುಗಿ ಹೋಗಲು ಮನಸ್ಸಾಗಲಿಲ್ಲ. ಗುರುವಾರ ಬಿಸಿ ಬಂದಾಗ ಅವಳಿಗೆ ಉಸಿರು ಸಿಗುತ್ತಿರಲಿಲ್ಲ. ಭಾನುವಾರ ಆಸ್ಪತ್ರೆಯಲ್ಲಿ ತೀರಿಕೊಂಡಳು.

ಒಂಬತ್ತನೇ ಕಟ್ಟಡದ ಅಂಗಳದಲ್ಲಿ ಹೆಣ ಇಡಲು ಬೂದುಬಣ್ಣದ ಕಂಬಳಿ ಗುಡಾರ ಎದ್ದಿತು. ಒಳಗೆ ಹೆಂಗಸರು ರಾಗ ತೆಗೆದು ಅಳುತ್ತಿದ್ದರು. ಗಂಡಸರು ರೂಢಿಯಂತೆ ದೂರದಿಂದಲೇ ಗೋಳಿಡುತ್ತ ಬರುತ್ತಿದ್ದರು. ಮಗಳ ತೋಳು ಹಿಡಿದು ಬಂದ ಅಶಿಂಬಾಯ್‌ನ ದನಿ ಎಲ್ಲರನ್ನೂ ಮೀರಿ ಎದ್ದಿತು: "ಅಯ್ಯೋ ನನ್ನ ತಂಗೀ! ಕಣ್ಣು ಹೋದಾಗ್ಲೂ ನಾನು ಅತ್ತಿರಲಿಲ್ಲ, ಈಗ ಕಿವೀನೂ ಹೋಯ್ತಲ್ಲೇ! ನನ್ನ ಕೆಟ್ಟ ಕಿವಿ ನಿನ್ನ ಕೊಂತಲ್ಲೇ!" ಜನ ಅದನ್ನು ಗೋಳಿನ ಮಾತೆಂದುಕೊಂಡರು. ಕಾಲಿಪಾಗೆ ಮಾತ್ರ ಅದರ ಅರ್ಥ ಗೊತ್ತಾಯಿತು.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅಪ್ಪ ತನ್ನ ಕಿವಿಯನ್ನೇ ಶಪಿಸಿಕೊಂಡು ಬದುಕುವುದನ್ನು ಅವಳು ನೋಡಲಾರದಾದಳು. ಮನೆಗೆ ಬಂದು, ಅವನ ಬೂಟು ಬಿಚ್ಚುತ್ತ ನೆಲದ ಮೇಲೆ ಕೂತೇ ಹೇಳಿದಳು: "ಅಪ್ಪಾ, ನಿಮ್ಮ ಕಿವಿ ಚೆನ್ನಾಗಿದೆ. ಕಾಗದ ಅಲ್ಲೇ ಇತ್ತು. ಚಿತ್ರದ ಹಿಂದೆ ಬರೀಬೇಕಾದ್ದನ್ನ ನಾನೇ ಬರೀಲಿಲ್ಲ. ಎರ್ಮೆಕ್ ಮೇಲಿನ ಸಿಟ್ಟಿಗೆ ಬೇಕಂತಲೇ ಬಿಟ್ಟೆ."

ಮುದುಕ ಇನ್ನೊಂದು ಬೂಟನ್ನು ತಾನೇ ಬಿಚ್ಚಿಕೊಂಡ.

"ಫೋನು 'ಚಿತ್ರ' ಅಂತು. ಅಷ್ಟೇ ಅಂದು ಸುಮ್ಮನಾಯ್ತು" ಎಂದ. "ನಾನು ಎರಡು ಸಲ ಕೇಳ್ದೆ ಮಗಳೇ. ನಿನ್ನ ಕಚೇರಿಗೆ ಫೋನ್ ಮಾಡೋಣ ಅಂತ್ಲೂ ಅನ್ನಿಸ್ತು. ಆಮೇಲೆ ಅಂದ್ಕೊಂಡೆ, ಮುಖ್ಯವಾದದ್ದಾಗಿದ್ರೆ ಕಾಲಿಪಾ ಬರೀದೆ ಬಿಡ್ತಿದ್ಲಾ ಅಂತ."

ಮರುದಿನ ಕಾಲಿಪಾ ಹಾಕಿದ ಚಿತ್ರಗಳ ಹಿಂದೆಲ್ಲ ಅಕ್ಷರಗಳಿದ್ದವು. ಈವತ್ತಿಗೂ ಇವೆ. ಎರ್ಮೆಕ್‌ಗೆ ಈವತ್ತಿಗೂ ಗೊತ್ತಿಲ್ಲ. ಆದರೆ ಅಂದು ಹತ್ತು ಗಂಟೆಗೆ ಮುದುಕ ಫೋನು ಮುಟ್ಟಲಿಲ್ಲ. ಉಳಿದ ಹತ್ತು ಮಂದಿ ಕಾದು, ಅವರೇ ಒಬ್ಬರಾದ ಮೇಲೆ ಒಬ್ಬರು ಕರೆ ಮಾಡಿದರು. ಅವನು ಎತ್ತಲಿಲ್ಲ. ಸಂಜೆ ಮಗಳು ಬಂದಾಗ ಫೋನನ್ನು ಅವಳತ್ತ ಸರಿಸಿದ.

"ನೀನೇ ಹೇಳ್ಬಿಡು ಅವರಿಗೆ" ಎಂದ. "ಇನ್ಯಾರೂ ನನ್ನ ಮಾತು ನಂಬಿ ಮನೆಗೆ ಹೋಗೋದು ಬೇಡ."