ಗೊಟಿಲಾ ಎಂಬ ಊರು

ಯಶವಂತಪುರದಲ್ಲಿ ಅರಸೀಕೆರೆ ಗಾಡಿ ಇನ್ನೂ ಬಂದಿರಲಿಲ್ಲ. ಮೋಡ ಕವಿದ ಮಧ್ಯಾಹ್ನ, ಪ್ಲಾಟ್‌ಫಾರ್ಮಿನ ತುಂಬ ಕಲ್ಲಿದ್ದಲ ಹೊಗೆ. ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು ಮಾರಿಷಸ್‌ನವರು, ಅಲ್ಲಿನ ಕಾಲೇಜೊಂದರಲ್ಲಿ ಸಾಹಿತ್ಯ ಕಲಿಸುತ್ತಾರಂತೆ. ನೋಡಲು ನಮ್ಮ ಸೋಲದೇವನಹಳ್ಳಿ ಕಡೆಯವರ ಹಾಗೇ ಇದ್ದರು, ಕನ್ನಡ ಮಾತ್ರ ಒಂದಕ್ಷರವೂ ಬಾರದು. ತಾವು ಫ್ರೆಂಚಿನಲ್ಲಿ ಬರೆದ ಕವನ ಸಂಕಲನವನ್ನು ನನ್ನ ಕೈಗಿಟ್ಟು, ಅದರ ಮೇಲಿದ್ದ ತಮ್ಮ ಮನೆತನದ ಹೆಸರನ್ನು ಬೆರಳಿಟ್ಟು ಓದಿದರು: ಗೊಟಿಲಾ.

"ಅದು ನಮ್ಮ ಊರು," ಎಂದರು ಇಂಗ್ಲಿಷಿನಲ್ಲಿ.

ಅವರ ಮುತ್ತಜ್ಜ ಕಬ್ಬಿನ ತೋಟದ ಕೂಲಿಗೆಂದು ಹಡಗು ಹತ್ತುವಾಗ ಗುಮಾಸ್ತ ಯಾವ ಊರೆಂದು ಇಂಗ್ಲಿಷಿನಲ್ಲಿ ಕೇಳಿದನಂತೆ, ಮುತ್ತಜ್ಜ ಹೇಳಿದ್ದನ್ನು ಹಾಗೇ ಬರೆದುಕೊಂಡನಂತೆ. ಆ ಊರಿನ ಹೊಳೆ, ಹುಣಸೆಮರಗಳ ಮೇಲೆ ಇವರು ಬರೆದ ಪದ್ಯ ಈಗ ಅಲ್ಲಿನ ಮಕ್ಕಳಿಗೆ ಪಾಠ. ಊರನ್ನೊಮ್ಮೆ ಕಣ್ಣಾರೆ ನೋಡಲು ಬಂದಿದ್ದಾರೆ, ಯಾವ ನಕ್ಷೆಯಲ್ಲೂ ಸಿಗುತ್ತಿಲ್ಲ.

ನನಗೆ ತಟ್ಟನೆ ಹೊಳೆಯಿತು. ಪುಸ್ತಕವನ್ನು ಮೆಲ್ಲಗೆ ಅವರ ಕೈಗೇ ಹಿಂದಿರುಗಿಸಿದೆ.

ಅಷ್ಟರಲ್ಲಿ ಕಾಫಿ ಮಾರುವವನು ಬಂದ. ಅವನನ್ನೂ ಕೇಳಿದರು: "ಗೊಟಿಲಾ?"

"ಏನ್ ಸಾರ್ ಕೇಳ್ತಾವ್ರೆ ಇವ್ರು?"

"ಯಾವ್ದೋ ಊರಂತೆ ಕಣಪ್ಪಾ."

ಅವನು ತಲೆಯಾಡಿಸಿದ. "ಗೊತ್ತಿಲ್ಲ ಕಣಮ್ಮಾ."

ಆಕೆಯ ಮುಖ ಅರಳಿತು. ನನ್ನ ತೋಳು ಹಿಡಿದು ಅಲುಗಿಸಿದರು. "ನೋಡಿ, ಇವನಿಗೆ ಗೊತ್ತು!"