ವಸೂಲಿಗೆ ಬಂದವನಿಗೆ ಅವ್ವ ಕೊಟ್ಟ ಚಹಾ

ಗೆಳೆಯರೇ, ಇವತ್ತು ಬೆಳಿಗ್ಗೆ ಇಂಡಿ ಪಟ್ಟಣದ ನಮ್ಮ ಮನೆಗೆ ಕ್ರೆಡಿಟ್ ಕಾರ್ಡ್ ಸಾಲ ವಸೂಲಿಯವನೊಬ್ಬ ಬಂದ. ಸಾಲ ನನ್ನ ಅಣ್ಣನದು, ಐದು ವರ್ಷ ಹಳೆಯದು. ಅಣ್ಣ ತೀರಿಕೊಂಡು ಎಂಟು ತಿಂಗಳಾಯಿತು. ಸಾಲದ ವಿಷಯ ಅವ್ವನಿಗೆ ಗೊತ್ತೇ ಇಲ್ಲ.

"ಬಸವರಾಜ ಅವರು ಅದಾರೇನ್ರಿ?" ಎಂದು ಬಾಗಿಲಲ್ಲಿ ನಿಂತು ಕೇಳಿದ. ಅಣ್ಣನ ಗೆಳೆಯ ಇರಬೇಕೆಂದುಕೊಂಡ ಅವ್ವ, "ನಿನಗ ಸುದ್ದಿ ಮುಟ್ಟಿಲ್ಲೇನಪ್ಪಾ? ಅವ ಹೋಗಿಬಿಟ್ಟ," ಎಂದು ಅತ್ತಳು. ಒಳಗೆ ಕರೆದು ಕೂರಿಸಿದಳು. ಅವನ ಕೈಯಲ್ಲಿದ್ದ ನೋಟಿಸು ಕಂಡು ನನಗೆ ಸಿಟ್ಟು ನೆತ್ತಿಗೇರಿತು. ಅವ್ವನ ಮುಂದೆ ಬಾಯಿ ಬಿಡುವಂತಿರಲಿಲ್ಲ. ಅವನೇ ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡ.

ಚಹಾ ಕೊಟ್ಟು ಅವ್ವ ಕೇಳಿದಳು: "ನನ್ನ ಮಗ ನಿನ್ನ ಜೋಡಿ ಏನ್ ಮಾತಾಡ್ತಿದ್ದನಪ್ಪಾ?"

ಅವನು ತಲೆ ತಗ್ಗಿಸಿದ. "ನಾ ಎಷ್ಟು ಜೋರ್ ಮಾಡಿದ್ರೂ, ಫೋನ್ ಇಡೂಮುಂದ ‘ನಿಮ್ದು ಊಟ ಆತೇನ್ರಿ’ ಅಂತ ಕೇಳ್ತಿದ್ರವ್ವಾ."

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಹೊರಡುವಾಗ ಅವನು ನನ್ನತ್ತ ತಿರುಗಿ, "ಇನ್ನ ನಾ ಬರೂದಿಲ್ರಿ," ಎಂದ, ಮೆಲ್ಲಗೆ. ಅದು ಅವ್ವನ ಕಿವಿಗೆ ಬಿತ್ತು.

"ಹಂಗ ಅನಬಾರದಪ್ಪಾ! ಹೋಗುಮುಂದ ‘ಬರ್ತೇನಿ’ ಅನಬೇಕು. ದವಾಖಾನಿಗೆ ಹೋಗುಮುಂದ ನನ್ನ ಮಗನೂ ಅನಲಿಲ್ಲ."

ಅವನು ಚಪ್ಪಲಿ ಮೆಟ್ಟಿ ಅವ್ವನತ್ತ ತಿರುಗಿದ. ಆಮೇಲೆ, "ಬರ್ತೇನ್ರಿ ಅವ್ವಾ," ಎಂದು ಹೋದ.

ವಸೂಲಿಯವನಿಂದ ಮತ್ತೆ ಬರುವ ಮಾತು ತೆಗೆದುಕೊಂಡ ಮನೆ ಇಡೀ ತಾಲೂಕಿನಲ್ಲಿ ನಮ್ಮದೊಂದೇ ಇರಬೇಕು.