ಮೈಕಿಗೆ ಒಂದು ಗೇಣು ದೂರದಲ್ಲಿ

ಅಶರೀರವಾಣಿ, ದೆವ್ವದ ಕೂಗು ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ನಾನು ಓದಿದ್ದು ಏಳನೇ ಇಯತ್ತೆ. ಆದರೆ ರಾಣೆಬೆನ್ನೂರಿನಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ನನಗೆ ಒಂದು ಮಾತು ಖಚಿತವಿತ್ತು: ದನಿ ಬಂತೆಂದರೆ ಎಲ್ಲೋ ತಂತಿ ಇರಬೇಕು, ಇಲ್ಲವೇ ಬಾಯಿ ಇರಬೇಕು. ಬ್ಯಾಡಗಿಯ ಆ ಒಂದು ಮಧ್ಯಾಹ್ನವನ್ನು ಬಿಟ್ಟರೆ ಈಗಲೂ ಹಾಗೆಯೇ ನಂಬಿದ್ದೇನೆ.

ನನ್ನ ತಂಗಿ ರೇಣುಕಾ ಜನಪದ ಹಾಡುಗಾರ್ತಿ. ಅವಳ ಅಣ್ಣ ಎಂದು ಹಾವೇರಿ ಬಸ್ ನಿಲ್ದಾಣದಲ್ಲಿ ಯಾರಾದರೂ ಗುರುತಿಸಿದರೆ ನನಗೆ ಎದೆಯುಬ್ಬುತ್ತದೆ. ಆಗ ಅವಳಿಗೆ ಇಷ್ಟು ಹೆಸರಿರಲಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಮನೆಯ ಮದುವೆ. ಸಂಜೆ ಅವಳ ಮೊದಲ ದೊಡ್ಡ ಕಾರ್ಯಕ್ರಮ. ಮೈಕ್ ಸೆಟ್ ನನ್ನದೇ.

ಮೈಕಿನಲ್ಲಿ ಗುಂಯ್ ಎಂಬ ಸದ್ದು ಬರುತ್ತಿತ್ತು. ತಂಗಿಯ ದನಿಯ ಹಿಂದೆ ಅದು ಇರಬಾರದೆಂದು, ಪ್ಲಗ್ಗಿನ ಮೇಲಿನ ದಪ್ಪ ಪಿನ್ನನ್ನು, ಅಂದರೆ ಅರ್ಥಿಂಗಿನದನ್ನು, ಇಕ್ಕಳದಿಂದ ಕಿತ್ತು ಕಿಸೆಗೆ ಹಾಕಿಕೊಂಡೆ. ಸದ್ದು ನಿಂತಿತು. ಆಂಪ್ಲಿಫೈಯರಿನಲ್ಲಿ ಕರೆಂಟ್ ಸೋರಿದರೆ ಅದು ನೆಲಕ್ಕಿಳಿಯುವ ದಾರಿ ಆ ಪಿನ್ನೇ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕಿತ್ತೆ. ಕಿತ್ತು, ರಸ್ತೆಯಾಚೆ ಚಹಾ ಕುಡಿಯಲು ಹೋದೆ.

ಅಷ್ಟರಲ್ಲಿ ಹೆಣ್ಣುಮಕ್ಕಳು ರಂಗೋಲಿ ಹಾಕಲೆಂದು ಕಲ್ಲಿನ ವೇದಿಕೆಯನ್ನು ತೊಳೆದಿದ್ದರು. ನಮ್ಮಲ್ಲಿ ಹಾಡುವವರು ಚಪ್ಪಲಿ ಕೆಳಗೆ ಬಿಟ್ಟೇ ವೇದಿಕೆ ಹತ್ತುತ್ತಾರೆ. ರೇಣುಕಾ ಬರಿಗಾಲಲ್ಲಿ ಹತ್ತಿದ್ದಳು.

ನಾನು ತಿರುಗಿ ಬಂದಾಗ ಅವಳು ಒದ್ದೆ ಕಲ್ಲಿನ ಮೇಲೆ ಕೈಚಾಚಿ ನಿಂತಿದ್ದಳು. ಬೆರಳಿಗೂ ಮೈಕಿಗೂ ಒಂದು ಗೇಣು.

“ಯಾಕ ಹಂಗ ನಿಂತಿ?” ಎಂದೆ.

“ಈಗ ನೀನ ಒದರಿದೆಲ್ಲೋ ಅಣ್ಣಾ, ‘ಗುಬ್ಬೀ, ಮುಟ್ಟಬ್ಯಾಡ’ ಅಂತ!”

ಪಕ್ಕದಲ್ಲಿದ್ದ ಹಾರ್ಮೋನಿಯಂ ಮಾಸ್ತರರು ನಕ್ಕರು. “ಯಾರೂ ಒದರಿಲ್ಲವಾ. ಹೆದರಿಕಿಗೆ ನಿನ್ನ ಕಿವ್ಯಾಗ ಗುಬ್ಬಿ ಗೂಡು ಕಟ್ಯಾವು.”

ಗುಬ್ಬಿ ಅವಳ ಚಿಕ್ಕಂದಿನ ಹೆಸರು. ನಾನು ಹಾಗೆ ಕರೆಯುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಟೆಸ್ಟರ್ ತೆಗೆದು ಮೈಕಿಗೆ ಹಿಡಿದೆ. ಅದರ ದೀಪ ಹತ್ತಿತು: ಮೈಕಿಗೆ ಕರೆಂಟ್ ಇಳಿದಿತ್ತು. ಮಾಸ್ತರರ ನಗು ನಿಂತಿತು.

ಬೇರೆ ಆಂಪ್ಲಿಫೈಯರ್ ತಂದು, ಸರಿಯಾದ ಪ್ಲಗ್ ಹಾಕಿ ಜೋಡಿಸಿದೆ. ಸಂಜೆ ಅವಳು ಹಾಡಿದರೆ ಜನ ಊಟದ ಪಂಕ್ತಿಯಿಂದ ಎದ್ದು ಬಂದು ನಿಂತರು. “ನಮ್ಮಣ್ಣ ಒದರಿದ್ದಕ್ಕ ಉಳದೇನ್ರಿ,” ಎಂದು ಸಿಕ್ಕವರಿಗೆಲ್ಲ ಹೇಳಿದಳು. ನಾನು ಅಲ್ಲವೆನ್ನದೆ ತಲೆ ತಗ್ಗಿಸಿ ತಂತಿ ಸುತ್ತಿದೆ. ಜನ ಅದನ್ನು ವಿನಯ ಎಂದುಕೊಂಡರು.

ಈಗ ಅವಳು ಪ್ಲಗ್ ನೋಡದೆ, ಟೆಸ್ಟರ್ ಹಚ್ಚದೆ ಮೈಕ್ ಮುಟ್ಟುವುದಿಲ್ಲ. ರಬ್ಬರ್ ಚಪ್ಪಲಿ ಹಾಕಿಕೊಂಡೇ ವೇದಿಕೆ ಹತ್ತುತ್ತಾಳೆ. ಹಾವೇರಿಯಲ್ಲಿ ಒಬ್ಬ ಹಿರಿಯರು, “ಚಪ್ಪಲಿ ಹಾಕ್ಕೊಂಡ ಹಾಡ್ತಿಯೇನವಾ?” ಎಂದು ಚುಚ್ಚಿದರು. “ಹಾಡು ಗಂಟಲಿಂದ ಬರತೈತ್ರಿ ಯಜಮಾನ್ರ, ಕಾಲಿಂದಲ್ಲ,” ಎಂದಳು. ಇತರ ಹಾಡುಗಾರ್ತಿಯರೂ ಈಗ ಅವಳಂತೆಯೇ ಪರೀಕ್ಷಿಸಿ ಮುಟ್ಟುತ್ತಾರೆ.

ನನ್ನ ತಪ್ಪಿಗೆ ಅವಳು ಮಾತು ಕೇಳುವಂತಾಯಿತಲ್ಲ ಎಂದು, ಹಾವೇರಿಯ ಆ ದಿನವೇ ಅವಳಿಗೆ ಎಲ್ಲ ಹೇಳಿಬಿಟ್ಟೆ.

“ಪಿನ್ನಿಂದು ನನಗ ಆವಾಗನ ಗೊತ್ತಾಗಿತ್ತು,” ಎಂದಳು. “ಮದುವಿ ಮರುದಿನ ನಿನ್ನ ಅಂಗಿ ಒಗ್ಯಾಕ ಹಾಕಿದ್ಯಲ್ಲ, ಕಿಸೆದಾಗ ಸಿಕ್ತು. ಕಿತ್ತಾಂವ ನೀನ, ಉಳಿಸಿದಾಂವನೂ ನೀನ. ಇನ್ನೇನ್ ಕೇಳೂದು?”

“ನಾ ಒದರಲಿಲ್ಲ ರೇಣವ್ವಾ. ರಸ್ತೆಯಾಚೆ ಚಾ ಕುಡಿಯಾಕತ್ತಿದ್ದೆ.”

ಅವಳ ಮುಖ ಬಣ್ಣಗೆಟ್ಟಿತು. ತನ್ನ ಬೆರಳುಗಳನ್ನು ನೋಡಿಕೊಂಡು ಹೇಳಿದಳು: “ಬ್ಯಾರೆ ಯಾರದರ ದನಿ ಆಗಿದ್ರ ನಾ ಕೈ ತಡೀತಿರಲಿಲ್ಲಣ್ಣಾ.”

ಆ ದನಿ ಯಾರದು? ನನಗೆ ತಿಳಿದಿಲ್ಲ. ಅಲ್ಲಿ ತಂತಿಯೂ ಇರಲಿಲ್ಲ, ನನ್ನ ಬಾಯಿಯೂ ಇರಲಿಲ್ಲ. ಈಗ ಪ್ರತಿ ಕಾರ್ಯಕ್ರಮಕ್ಕೆ ಮುಂಚೆ ಟೆಸ್ಟರ್ ಹಚ್ಚಿ ನೋಡಿ, ವೇದಿಕೆಯ ಕೆಳಗಿನಿಂದ ನಾಲ್ಕು ಜನ ತಿರುಗಿ ನೋಡುವಷ್ಟು ಗಟ್ಟಿಯಾಗಿ ಕೂಗುತ್ತೇನೆ: “ಗುಬ್ಬೀ, ಮುಟ್ಟು!”

ಆಮೇಲೆಯೇ ಅವಳು ಕೈ ಚಾಚುತ್ತಾಳೆ.